ಮುದಿ ಇಂಜಿನ್ನಿಗೆ ಯಾವ ಎಣ್ಣೆ

ನಮ್ಮ ಮಾವನವರ ಬಲಗೈ ಅಂಗೈಯ ಗೆರೆಗಳು ಕರ್ರಗಿದ್ದವು. ಎಡಗೈ ಎಲ್ಲರ ಕೈಯಂತೆಯೇ ಇತ್ತು. ಬಲಗೈಯ ಗೆರೆಗಳಲ್ಲಿ ಮಾತ್ರ ಯಾರೋ ಕಾಡಿಗೆ ತೀಡಿದ ಹಾಗೆ ಕಪ್ಪು ಕೂತುಬಿಟ್ಟಿತ್ತು. ಬೂದಿ ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ, ಸೀಗೆಕಾಯಿಗೂ ಹೋಗುತ್ತಿರಲಿಲ್ಲ. ಆ ಕೈಯಿಂದಲೇ ಬಿಳಿಜೋಳದ ರೊಟ್ಟಿ ಮುರಿದು ತಿನ್ನುತ್ತಿದ್ದರು. ಮದುವೆಯಾಗಿ ಮಸ್ಕಿಗೆ ಬಂದ ಹೊಸದರಲ್ಲಿ ನಾನು ಮಾವನ ಮುಖ ನೋಡಿದ್ದು ಕಡಿಮೆ, ಆ ಕೈ ನೋಡಿದ್ದೇ ಹೆಚ್ಚು. ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ರೊಟ್ಟಿ ಬಡಿಸುವವಳಿಗೆ ಇನ್ನೇನು ಕಾಣುತ್ತದೆ?

ಆಗ ನಮ್ಮ ಮನೆಗಳಲ್ಲಿ ಸೊಸೆ ಮಾವನೊಂದಿಗೆ ನೇರವಾಗಿ ಮಾತಾಡುವ ಹಾಗಿರಲಿಲ್ಲ. ಏನೇ ಇದ್ದರೂ ಅತ್ತೆಯ ಮುಖಾಂತರ. ಮಾವ ಎದುರಿಗೇ ಕೂತಿರುತ್ತಿದ್ದರು, ನಾನು ಬಾಗಿಲ ಮರೆಯಿಂದ ಕೇಳುತ್ತಿದ್ದೆ, “ಅತ್ತೀ, ಇನ್ನೊಂದು ರೊಟ್ಟಿ ಬೇಕೇನು ಕೇಳ್ರಿ.” ಮಾವ ಅತ್ತೆಯ ಕಡೆ ತಿರುಗಿ, “ಸಾಕು ಅನ್ನು ಆಕಿಗೆ” ಅನ್ನುತ್ತಿದ್ದರು. ಅತ್ತೆಗೆ ಇಬ್ಬರ ಮೇಲೂ ಸಿಟ್ಟು. “ಇಬ್ಬರಿಗೂ ಕಿವಿ ಅದಾವ, ಬಾಯಿ ಅದಾವ. ನಡಬರಕ ನಾ ಟಪಾಲಿನಾಕಿ ಏನು?” ಎಂದು ಗೊಣಗುತ್ತಿದ್ದರು. ಆದರೂ ಪದ್ಧತಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ನನಗೇನೂ ಅದರಿಂದ ತೊಂದರೆ ಅನಿಸಿರಲಿಲ್ಲ.

ಅವರದು ಗಾಣದ ಮನೆತನ. ಕುಸುಬಿ, ಶೇಂಗಾ, ಔಡಲ ಎಲ್ಲ ಹಿಂಡುತ್ತಿದ್ದರು. ಮಿಲ್ಲುಗಳು ಬಂದ ಮೇಲೆ ಗಾಣಕ್ಕೆ ಕಾಳು ತರುವವರು ಕಡಿಮೆಯಾದರು. ಪೊಲೀಸ್ ಕಾರ್ಯಾಚರಣೆ ಮುಗಿದು ನಿಜಾಮನ ಆಳ್ವಿಕೆ ಹೋದ ಮೇಲೆ, ಗುರುಗುಂಟಾ ಕಡೆಯ ಒಬ್ಬ ದೊಡ್ಡ ಮನುಷ್ಯರು ಇದ್ದಬದ್ದ ಸಾಮಾನು ಮಾರಿ ಊರು ಬಿಟ್ಟರಂತೆ. ಅವರ ಮೋಟಾರು ಕಾರನ್ನು ಮಾವ ಎತ್ತು ಮಾರಿ ಕೊಂಡು ತಂದರು. ಗಾಣ ತಿರುಗಿಸುತ್ತಿದ್ದ ಛಪ್ಪರದ ಕೆಳಗೇ ಅದನ್ನು ನಿಲ್ಲಿಸಿದರು. ಎತ್ತು ಕಟ್ಟುವಲ್ಲಿ ಮೋಟಾರು ಕಟ್ಟಿದ್ದಾರೆ ಎಂದು ಓಣಿಯವರು ನಕ್ಕರು. ನಕ್ಕವರೇ ಆಮೇಲೆ ಲಿಂಗಸೂಗೂರಿನ ಕಚೇರಿಗೆ, ಸಿಂಧನೂರಿನ ಸಂತೆಗೆ, ಬೀಗರ ಮನೆಗೆ ಹೋಗಲು ಬಾಡಿಗೆ ಕೊಟ್ಟು ಅದರಲ್ಲಿ ಕೂತರು. ಮೈಲಿ ತೋರಿಸುವ ಮುಳ್ಳು ಎಂದೋ ನಿಂತುಹೋಗಿತ್ತು. ಎಷ್ಟು ಓಡಿತ್ತೋ, ಆ ದೊಡ್ಡ ಮನುಷ್ಯರಿಗಾದರೂ ಗೊತ್ತಿತ್ತೋ ಇಲ್ಲವೋ. ಒಟ್ಟಿನಲ್ಲಿ ಇಂಜಿನ್ ಮುದಿಯಾಗಿತ್ತು. ಮುದಿಯಾಗಿತ್ತು ಅಂದರೆ, ಎಣ್ಣೆ ಕುಡಿಯುತ್ತಿತ್ತು, ಹೊಗೆ ಬಿಡುತ್ತಿತ್ತು, ಖಡಖಡ ಸದ್ದು ಮಾಡುತ್ತಿತ್ತು.

ಈಗ ಊರಿನವರು ನಮ್ಮ ಮಾವನನ್ನು ದೇವರಂಥ ಮನುಷ್ಯ ಅನ್ನುತ್ತಾರೆ. ಸತ್ತವರನ್ನೆಲ್ಲ ಹಾಗೇ ಅನ್ನುವುದು. ದೇವರಂಥವರೇನೂ ಅಲ್ಲ. ಮಹಾ ಹಟಮಾರಿ. ಉಪ್ಪಿನಕಾಯಿಗೆ ಹಾಕುವ ಎಣ್ಣೆಯನ್ನೂ ತಾವೇ ನೋಡಬೇಕು. ಅಂಗೈಯಲ್ಲಿ ನಾಲ್ಕು ಹನಿ ಹಾಕಿಸಿಕೊಂಡು, ಹೆಬ್ಬೆರಳಿನಿಂದ ತಿಕ್ಕಿ, ಮೂಸಿ, ಬೆಳಕಿಗೆ ಹಿಡಿದು, ಆಮೇಲೆ “ಚಲೋ ಐತಿ” ಅಥವಾ “ಒಯ್ದು ದೀಪಕ್ಕ ಹಾಕು” ಅನ್ನಬೇಕು. ಮನೆಯ ಹೆಂಗಸರು ಎಣ್ಣೆಯ ವಿಷಯದಲ್ಲಿ ಬಾಯಿ ಹಾಕುವಂತಿರಲಿಲ್ಲ. ಎಣ್ಣೆ ತೆಳ್ಳಗಿದ್ದರೆ ಅವರ ಮುಖ ಗಂಟಾಗುತ್ತಿತ್ತು. ಗಾಣದವರಿಗೆ ತೆಳ್ಳನೆಯ ಎಣ್ಣೆ ಅಂದರೆ ಮಿಲಾವಟ್ ಮಾಡಿದ ಎಣ್ಣೆ, ಮೋಸದ ಎಣ್ಣೆ. ದಪ್ಪಗೆ, ಬೆರಳಿಗೆ ಅಂಟಿಕೊಂಡು ನಿಧಾನವಾಗಿ ಇಳಿಯಬೇಕು. ಅದು ಅಸಲು. ಮೋಟಾರಿನ ಎಣ್ಣೆಯನ್ನೂ ಅವರು ಹೀಗೇ ಅಂಗೈಯಲ್ಲಿ ನೋಡುತ್ತಿದ್ದರು. ಗೆರೆಗಳು ಕರ್ರಗಾದದ್ದು ಹಾಗೆ.

ಆದರೆ ಆ ಮೋಟಾರಿಗೆ ಮೊದಲಿನಿಂದ ಹಾಕುತ್ತ ಬಂದದ್ದು ತೆಳ್ಳನೆಯ ಎಣ್ಣೆ. ಲಿಂಗಸೂಗೂರಿನಲ್ಲಿ ಒಬ್ಬ ಮಿಸ್ತ್ರಿ ಇದ್ದ, ಮುಸಲ್ಮಾನರವನು, ಮಾವನಿಗಿಂತ ವಯಸ್ಸಿನಲ್ಲಿ ಸಣ್ಣವನು. ತೆಳ್ಳನೆಯದನ್ನೇ ಹಾಕಿರಿ, ಕುಡಿದಷ್ಟು ಹಾಕುತ್ತ ಹೋಗಿರಿ ಎಂದು ಅವನು ಹೇಳಿದ್ದ. ಮಾವ ಮನಸ್ಸಿಲ್ಲದ ಮನಸ್ಸಿನಿಂದ ಹಾಕುತ್ತಿದ್ದರು. ಡಬ್ಬಿ ಬಗ್ಗಿಸುವಾಗ ಪ್ರತಿಸಲ, “ನೀರು, ಬರೇ ನೀರು” ಎಂದು ಬೈಯುತ್ತಿದ್ದರು. ಯಾರನ್ನು ಬೈಯುತ್ತಿದ್ದರೋ ನನಗೆ ತಿಳಿಯದು.

ನಾನು ಮೊದಲ ಸಲ ಬಸುರಾದೆ. ನನಗೆ ತವರಿನಲ್ಲಿ ತಾಯಿ ಇರಲಿಲ್ಲ, ಹಾಗಾಗಿ ಚೊಚ್ಚಲ ಬಾಣಂತನ ಗಂಡನ ಮನೆಯಲ್ಲೇ ಆಗಬೇಕೆಂದು ಗೊತ್ತುಮಾಡಿದರು. ನನ್ನ ಗಂಡ ಸಿಂಧನೂರಿನ ಕಡೆ ಕಾಲುವೆ ಕೆಲಸದ ಮೇಲಿದ್ದರು, ಮನೆಗೆ ಬರುವುದೇ ಅಪರೂಪ. ಒಮ್ಮೆ ಅವರನ್ನು ಕಂಡು ಬರಲೆಂದು ಅತ್ತೆ ನನ್ನನ್ನು ಮೋಟಾರಿನಲ್ಲಿ ಕೂರಿಸಿಕೊಂಡು ಹೊರಟರು. ಕಾಲಕೆಳಗಿನ ಹಲಗೆಯ ಸಂದಿಯಿಂದ ಹೊಗೆ ಬರುತ್ತಿತ್ತು. ಸುಟ್ಟ ಎಣ್ಣೆಯ ವಾಸನೆ. ಸಿಂಧನೂರು ಮುಟ್ಟುವವರೆಗೂ ವಾಂತಿ ಮಾಡಿಕೊಂಡೆ, ತಿರುಗಿ ಬರುವಾಗಲೂ ಮಾಡಿಕೊಂಡೆ. ಮನೆಗೆ ಬಂದು ಮೂಲೆಯಲ್ಲಿ ಬಿದ್ದುಕೊಂಡಿದ್ದೆ. ಹೊರಗೆ ಮಾವ ಅತ್ತೆಗೆ ಹೇಳುವುದು ಕೇಳಿಸಿತು.

“ಆಕಿಗೆ ಹೊಗಿ ಆಗಂಗಿಲ್ಲ. ಇನ್ನ ದಿನ ತುಂಬಿದಾಗ ದವಾಖಾನಿಗೆ ಇದರಾಗ ಒಯ್ಯೋ ಪ್ರಸಂಗ ಬಂದ್ರ ಹೆಂಗ? ಎಣ್ಣಿ ಬದಲ ಮಾಡ್ತೀನಿ.”

ನನ್ನ ಸಲುವಾಗಿ ಮಾಡಿದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದವರೆಲ್ಲ ಆ ಮನುಷ್ಯನ ಮೇಲೆ ಬೀಳುತ್ತಾರೆ.

ಮಿಸ್ತ್ರಿ ಯಾವುದೋ ಕೆಲಸಕ್ಕೆ ಮಸ್ಕಿಗೆ ಬಂದವನು ನಮ್ಮ ಮನೆಗೂ ಬಂದಿದ್ದ. ಆಗಲೇ ಮಾವ ದಪ್ಪ ಎಣ್ಣೆಯ ಡಬ್ಬಿ ತಂದಿಟ್ಟುಕೊಂಡಿದ್ದರು. ಇಬ್ಬರ ನಡುವೆ ಜಗಳ ಹತ್ತಿತು. ನಾನು ಒಳಗೆ ಕಾಳು ಹಸನು ಮಾಡುತ್ತ ಕೂತಿದ್ದೆ.

“ಕಾಕಾ, ಇಷ್ಟು ವರ್ಷ ತೆಳ್ಳಂದು ಕುಡದೈತಿ ಇದು. ಒಳಗ ದಾರಿ ಎಲ್ಲಾ ಗಸಿ ಕಟ್ಟ್ಯಾವ. ದಪ್ಪಂದು ಹಾಕಿದ್ರ ಮ್ಯಾಲ ಏರಂಗಿಲ್ಲ. ಹೊಗಿ ಕಮ್ಮಿ ಆಗ್ತೈತಿ, ಖರೆ. ಖಡಖಡನೂ ಕಮ್ಮಿ ಆಗ್ತೈತಿ. ಆದ್ರ ಆವಾಜ್ ನಿಂತಿತು ಅಂದ್ರ ಬ್ಯಾನಿ ನಿಂತಿತು ಅಂತಲ್ಲ.”

“ತೆಳ್ಳನ ಎಣ್ಣಿ ಮಾರಿದವನ ಮನ್ಯಾಗ ನಮ್ಮ ಅಪ್ಪ ನೀರು ಕುಡೀತಿದ್ದಿಲ್ಲಲೇ. ನನಗ ಎಣ್ಣಿ ವಿಷಯ ಕಲಿಸಾಕ ಬಂದೀಯೇನು?”

“ಅದು ಗಾಣದ ಎಣ್ಣಿ, ಕಾಕಾ. ಇದು ಬ್ಯಾರೆ.”

“ಎಣ್ಣಿ ಎಣ್ಣೀನ.”

ಮಿಸ್ತ್ರಿ ಎದ್ದ. ಹೋಗುವಾಗ ಬಾಗಿಲಲ್ಲಿ ನಿಂತು ಅಂದ, “ಹಾಕ್ರಿ, ನಿಮ್ಮ ಗಾಡಿ. ಒಂದ ಮಾತು. ಥಂಡಿ ದಿನದಾಗ ಮುಂಜಾನಿ ಚಾಲೂ ಮಾಡಿದ್ರ ಜರಾ ಹೊತ್ತು ನಿಂತಲ್ಲೇ ಕಾಯಾಕ ಬಿಡ್ರಿ. ಎಣ್ಣಿ ಕಾದು ತೆಳ್ಳಗಾಗಿ ಮ್ಯಾಲ ಏರ್ಲಿ. ಆಮ್ಯಾಲ ಓಡಸ್ರಿ.”

ಎಣ್ಣೆ ಬದಲಾಯಿತು. ಹೊಗೆ ನಿಂತಿತು. ಮಾವ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು, “ಈಗ ಕೇಳ್ರಿ ಗಾಡೀನ. ಮದಲಗಿತ್ತಿ ನಡದಂಗ ನಡೀತೈತಿ.” ನಿಜಕ್ಕೂ ಸದ್ದು ಅಡಗಿತ್ತು. ಛಪ್ಪರದಲ್ಲಿ ಅದು ನಿಂತೇ ಗುರುಗುಟ್ಟುತ್ತಿದ್ದರೆ ಒಳಗಿದ್ದ ನಮಗೆ ಗೊತ್ತಾಗುತ್ತಿರಲಿಲ್ಲ. ಅತ್ತೆಯೂ ಅಂದರು, “ನಿನ್ನ ಸಲುವಾಗಿ ಮುದುಕ ಏನೇನು ಮಾಡ್ಯಾನ ನೋಡು.” ನನಗೂ ಹಿತವೆನಿಸಿತು. ಸುಳ್ಳು ಯಾಕೆ ಹೇಳಲಿ? ಸತ್ತ ತಾಯಿ ಇದ್ದಿದ್ದರೆ ಇಷ್ಟು ನೋಡುತ್ತಿದ್ದಳೋ ಏನೋ ಅನಿಸಿತು.

ಚಳಿಗಾಲ. ಮೂಡಲು ಬೆಳ್ಳಗಾಗುವ ಹೊತ್ತಿಗೆ ನೋವು ಜೋರಾಯಿತು. ಓಣಿಯ ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, ಮುಖ ಸಣ್ಣದು ಮಾಡಿಕೊಂಡು ಎದ್ದಳು. “ಕೂಸು ಅಡ್ಡ ಐತಿ. ನನ್ನ ಕೈಲೆ ಆಗಂಗಿಲ್ಲ. ಲಿಂಗಸೂಗೂರು ದವಾಖಾನಿಗೆ ಒಯ್ರಿ, ತಡಾ ಮಾಡಬ್ಯಾಡ್ರಿ.”

ನನ್ನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ಅತ್ತೆ ತೊಡೆಯ ಮೇಲಿಟ್ಟುಕೊಂಡರು. ಮಾವ ಹ್ಯಾಂಡಲ್ ಹಾಕಿ ತಿರುವಿದರು. ಬಹಳ ಹೊತ್ತು ತಿರುವಿದರು. ಇಂಜಿನ್ ಹತ್ತಿತು. ಹತ್ತಿದ ಮೇಲೆ ಅವರು ಬಂದು ಕೂರಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತುಬಿಟ್ಟರು. ಯಾಕೆ ನಿಂತರೆಂದು ಅತ್ತೆಗೆ ತಿಳಿಯಲಿಲ್ಲ, ನನಗೂ ಆಗ ಹೊಳೆಯಲಿಲ್ಲ. ನಾನು ಚೀರಿದೆ. ಅತ್ತೆ, “ಇನ್ನ ಏನು ನೋಡ್ಕೋಂತ ನಿಂತೀರಿ? ಹುಡುಗಿ ಸಾಯಾಕತ್ತೈತಿ, ನಡ್ರಿ!” ಎಂದು ಕಿರುಚಿದರು. ಮಾವ ಒಮ್ಮೆ ಬಾನೆಟ್ಟು ನೋಡಿದರು, ಒಮ್ಮೆ ನನ್ನ ಕಡೆ ನೋಡಿದರು. ಕೈ ತೆಗೆದು ಬಂದು ಕೂತು ಗಾಡಿ ಬಿಟ್ಟರು.

ಊರು ದಾಟಿದೆವು. ಜೋಳದ ಹೊಲಗಳು ಶುರುವಾದವು. ಮೋಟಾರು ಸದ್ದಿಲ್ಲದೆ ಓಡುತ್ತಿತ್ತು, ಹೊಗೆ ಇಲ್ಲ, ವಾಸನೆ ಇಲ್ಲ. ಇನ್ನೂ ಅರ್ಧ ದಾರಿಯೂ ಆಗಿರಲಿಲ್ಲ, ಕೆಳಗಿನಿಂದ ಸುತ್ತಿಗೆಯಲ್ಲಿ ಬಡಿದಂತೆ ಸದ್ದು ಕೇಳಿತು. ಮತ್ತೆ ಬಡಿಯಿತು. ಆಮೇಲೆ ಬಿಡದೆ ಬಡಿಯತೊಡಗಿತು. ಒಂದು ಸಲ ಜಗ್ಗಿದಂತಾಗಿ ಗಾಡಿ ನಿಂತುಹೋಯಿತು. ಹ್ಯಾಂಡಲ್ ಹಾಕಿದರೆ ಅದು ಅಲ್ಲಾಡಲೇ ಇಲ್ಲ.

ಮಾವ ಬಾನೆಟ್ ಎತ್ತಿದರು. ಎಣ್ಣೆ ನೋಡುವ ಕಡ್ಡಿ ಎಳೆದು ಅಂಗೈಯ ಮೇಲೆ ಹಿಡಿದರು. ಎಣ್ಣೆ ದಪ್ಪಗೆ, ನಿಧಾನವಾಗಿ, ಅವರಿಗೆ ಬೇಕಾದ ಹಾಗೆಯೇ ಇಳಿಯಿತು. ಹೆಬ್ಬೆರಳಿನಿಂದ ತಿಕ್ಕಿದರು.

“ಎಣ್ಣಿ ಐತಲ್ಲ,” ಅಂದರು. “ಎಣ್ಣಿ ತುಂಬ ಐತಲ್ಲ.”

ಅದನ್ನೇ ಹೇಳುತ್ತ ನಿಂತರು. ಅತ್ತೆ ಎದೆ ಬಡಿದುಕೊಂಡು ಅಳುತ್ತಿದ್ದರು. ನನಗೆ ಸೀಟಿನಿಂದ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

ಹೊಲಕ್ಕೆ ಹೊರಟಿದ್ದ ಒಂದು ಬಂಡಿ ಸಿಕ್ಕಿತು. ಪುಣ್ಯಾತ್ಮ ಏನೂ ಕೇಳದೆ ತಿರುಗಿಸಿದ. ಮಾವ ಬಂಡಿ ಹತ್ತಲಿಲ್ಲ. ಎತ್ತಿನ ಹಗ್ಗ ಹಿಡಿದು ಮುಂದೆ ಮುಂದೆ ಓಡುತ್ತ, ಎಡವುತ್ತ, ಲಿಂಗಸೂಗೂರಿನವರೆಗೂ ಬಂದರು. ದವಾಖಾನೆಯಲ್ಲಿ ನನ್ನನ್ನು ಉಳಿಸಿದರು. ಗಂಡುಕೂಸು. ಅದು ಉಳಿಯಲಿಲ್ಲ. ಡಾಕ್ಟರಮ್ಮ ಕೆಟ್ಟವರಲ್ಲ, ಆದರೆ ಬಾಯಿ ತಪ್ಪಿ ಅಂದುಬಿಟ್ಟರು, ಇನ್ನೊಂದಿಷ್ಟು ಮೊದಲು ಬಂದಿದ್ದರೆ ಅಂತ. ಮಾವ ಬಾಗಿಲಲ್ಲಿ ನಿಂತಿದ್ದರು.

ಆಮೇಲಿನದನ್ನು ಹೇಗೆ ಹೇಳಬೇಕೋ ನನಗೆ ಗೊತ್ತಿಲ್ಲ. ಏನೂ ಅನಿಸಲಿಲ್ಲ, ಅಷ್ಟೇ. ಎದೆಹಾಲು ಬಂತು, ಬಿಗಿಯಿತು, ಬತ್ತಿತು. ಜೋಳ ಬೀಸಿದೆ, ರೊಟ್ಟಿ ಬಡಿದೆ, ನೀರು ತಂದೆ. ಅಕ್ಕಪಕ್ಕದವರು ಬಂದು ಅತ್ತು ಹೋದರು, ನಾನು ಅವರಿಗೆ ನೀರು ಕೊಟ್ಟೆ. ಗಂಡ ಬಂದರು, ನನ್ನ ಪಕ್ಕ ಕೂತು ಗೋಡೆ ನೋಡಿದರು, ಮತ್ತೆ ಕಾಲುವೆ ಕೆಲಸಕ್ಕೆ ಹೋದರು. ಮಾವನ ಮೇಲೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. ಕರುಣೆಯೂ ಬರಲಿಲ್ಲ. ಅತ್ತೆ ಒಮ್ಮೆ ಕೈ ಹಿಡಿದುಕೊಂಡು, “ಒಂದು ಮಾತರ ಬೈಯವ್ವಾ ಅವರಿಗೆ. ಮುದುಕ ಒಳಗ ಸುಡಾಕತ್ತಾನ” ಅಂದರು. ಬೈಯುವುದಕ್ಕಾದರೂ ಮಾತಾಡಬೇಕಲ್ಲ, ಸೊಸೆ ಮಾವನೊಂದಿಗೆ ಮಾತಾಡುವ ಹಾಗಿಲ್ಲವಲ್ಲ ಅಂದೆ. ಅತ್ತೆ ಕೈ ಬಿಟ್ಟರು.

ಮೋಟಾರನ್ನು ಎತ್ತು ಹೂಡಿ ಎಳೆದು ತಂದರು. ಮಿಸ್ತ್ರಿ ಬಂದು ಬಿಚ್ಚಿದ. ಒಳಗೆ ಬೇರಿಂಗು ಕರಗಿಹೋಗಿತ್ತಂತೆ, ಎಣ್ಣೆ ಮೇಲೆ ಮುಟ್ಟಿರಲೇ ಇಲ್ಲವಂತೆ. ನಾ ಹೇಳಿರಲಿಲ್ಲವೇ ಎಂದು ಅವನು ಅನ್ನಲಿಲ್ಲ. ಬಿಚ್ಚಿದ್ದನ್ನು ಕಟ್ಟಿಕೊಟ್ಟು, ಚಹಾ ಕುಡಿಯದೆ ಹೋದ. ಅತ್ತೆ ಮಾರಿಬಿಡಿ ಅಂದರೂ ಮಾವ ಮಾರಲಿಲ್ಲ, ಹೊಟ್ಟೆಪಾಡು ಇತ್ತು. ಆದರೆ ಅಂಗೈಯಲ್ಲಿ ಎಣ್ಣೆ ನೋಡುವುದನ್ನು ಬಿಟ್ಟರು. ಮೋಟಾರಿನದಷ್ಟೇ ಅಲ್ಲ, ಉಪ್ಪಿನಕಾಯಿಯದನ್ನೂ ಬಿಟ್ಟರು. ಅತ್ತೆ ರೂಢಿಯಂತೆ ಬಟ್ಟಲು ಹಿಡಿದುಕೊಂಡು ಹೋದರೆ, “ನೀನ ನೋಡ್ಕೋ” ಅನ್ನುತ್ತಿದ್ದರು. ಮನೆಯಲ್ಲಿ ಮೂರು ಜನ ಇದ್ದೂ ಇಲ್ಲದ ಹಾಗೆ ದಿನ ಹೋದವು.

ಮತ್ತೆ ಬಸುರಾಗಲು ಬಹಳ ದಿನ ಹಿಡಿಯಿತು. ಆದಾಗ ನನಗೆ ಸಂತೋಷವಾಯಿತೆಂದು ಹೇಳಲಾರೆ. ಭಯವೂ ಆಗಲಿಲ್ಲ. ಹೊಟ್ಟೆ ದೊಡ್ಡದಾಯಿತು, ಅಷ್ಟು ಗೊತ್ತು.

ದಿನ ಹತ್ತಿರ ಬಂದಿದ್ದವು. ನಾನು ಪಡಸಾಲೆಯಲ್ಲಿ ಮೊರ ಹಿಡಿದು ಕೂತಿದ್ದೆ. ಅತ್ತೆ ಮನೆಯಲ್ಲಿರಲಿಲ್ಲ. ಮಾವ ಎರಡು ಡಬ್ಬಿ ತಂದು ನನ್ನ ಮುಂದೆ ಇಟ್ಟು, ನೆಲದ ಮೇಲೆ ಕೂತರು. ನಾನು ಗಡಬಡಿಸಿ ಸೆರಗು ಎಳೆದುಕೊಂಡು ಏಳಲು ಹೋದೆ.

“ಏಳಬ್ಯಾಡವ್ವ,” ಅಂದರು.

ನನಗೇ ಅಂದದ್ದು. ನಡುವೆ ಯಾರೂ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು.

“ಕೈ ಹಿಡಿ. ಎರಡೂ ಕೈ ಹಿಡಿ.”

ಹಿಡಿದೆ. ಒಂದು ಡಬ್ಬಿಯಿಂದ ಎಡ ಅಂಗೈಗೆ, ಇನ್ನೊಂದರಿಂದ ಬಲ ಅಂಗೈಗೆ, ನನ್ನನ್ನು ಮುಟ್ಟದೆ, ಮೇಲಿನಿಂದ ಸ್ವಲ್ಪ ಸ್ವಲ್ಪ ಬಗ್ಗಿಸಿದರು. ಒಂದಿಷ್ಟು ಸೀರೆಯ ಮೇಲೂ ಬಿತ್ತು.

“ಇದು ದಪ್ಪಂದು. ಇದು ತೆಳ್ಳಂದು. ಮಿಸ್ತ್ರಿ ತೆಳ್ಳಂದ ಅಂತಾನ. ನನ್ನ ಕೈ ಇನ್ನೂ ದಪ್ಪಂದ ಚಲೋ ಅಂತೈತಿ. ಈ ಕೈ ನಾ ನಂಬಂಗಿಲ್ಲ. ನೀ ಹೇಳು. ನೀ ಹೇಳಿದ್ದು ಹಾಕ್ತೀನಿ.”

ನಾನು ಎರಡೂ ಕೈ ನೋಡಿದೆ. ಒಂದರಲ್ಲಿ ಎಣ್ಣೆ ಕದಲದೆ ಕೂತಿತ್ತು. ಇನ್ನೊಂದರದು ಬೆರಳ ಸಂದಿಯಿಂದ ಆಗಲೇ ಸೋರಿ ಮೊರದಲ್ಲಿದ್ದ ಜೋಳಕ್ಕೆ ಬೀಳುತ್ತಿತ್ತು. ಸೋರಿಹೋಗಬಾರದೆಂದು ಬೆರಳು ಬಿಗಿಹಿಡಿದೆ. ಇಷ್ಟು ದಿನದ ಮೇಲೆ ನನಗೆ ಏನಾದರೂ ಅನಿಸಿದ್ದು ಆಗಲೇ.

“ತೆಳ್ಳಂದು ಹಾಕ್ರಿ, ಮಾವ.”

“ಹೊಗಿ ಭಾಳ ಬರ್ತೈತಿ. ನಿನಗ ತ್ರಾಸ ಆಗ್ತೈತಿ.”

“ಬರ್ಲಿ. ತಡ್ಕೋತೀನಿ.”

ತಲೆಯಾಡಿಸಿದರು. ಎದ್ದು ಹೋಗುವಾಗ ದಪ್ಪ ಎಣ್ಣೆಯ ಡಬ್ಬಿಯನ್ನು ಅಂಗಳದ ಕಲ್ಲಿನ ಮೇಲೆ ಬೋರಲು ಹಾಕಿದರು. ಅದು ಖಾಲಿಯಾಗಲು ಬಹಳ ಹೊತ್ತು ಹಿಡಿಯಿತು, ಅಲ್ಲಿಯವರೆಗೂ ಪಕ್ಕದಲ್ಲೇ ನಿಂತಿದ್ದರು.

ಈ ಸಲ ನೋವಿಗೆ ಕಾಯಲಿಲ್ಲ, ಮೊದಲೇ ಲಿಂಗಸೂಗೂರಿಗೆ ಒಯ್ದರು. ಹೊರಡುವ ದಿನ ಬೆಳಿಗ್ಗೆ ಮಾವ ಇಂಜಿನ್ ಹತ್ತಿಸಿ ನಿಂತಲ್ಲೇ ಬಿಟ್ಟರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತರು. ಓಣಿಯೆಲ್ಲ ಹೊಗೆ, ಖಡಖಡ ಸದ್ದಿಗೆ ನಾಯಿಗಳು ಬೊಗಳತೊಡಗಿದವು. ಎದುರುಮನೆಯವನು ಕೆಮ್ಮುತ್ತ ಹೊರಗೆ ಬಂದು, “ಏನ್ರೀ, ಓಣಿ ಗುಂಗಾಡು, ಸೊಳ್ಳಿ ಎಲ್ಲಾ ಓಡಸಾಕತ್ತೀರೇನು?” ಅಂದ. ಅತ್ತೆಗೂ ತಾಳ್ಮೆ ತಪ್ಪಿತು, ಆದರೆ ಈ ಸಲ ನಡ್ರಿ ಅನ್ನಲಿಲ್ಲ, ಸೆರಗನ್ನು ಮೂಗಿಗೆ ಹಿಡಿದು ಕೂತರು. ಬಾನೆಟ್ಟು ಕೈಗೆ ಚುರುಕು ಮುಟ್ಟಿಸುವವರೆಗೆ ಮಾವ ಕದಲಲಿಲ್ಲ.

ದಾರಿಯುದ್ದಕ್ಕೂ ಕಿಟಕಿಯಿಂದ ಹೊರಗೆ ತಲೆ ಹಾಕಿ ವಾಂತಿ ಮಾಡಿಕೊಂಡೆ. ಪ್ರತಿಸಲವೂ ಮಾವ, ಹಿಂತಿರುಗಿ ನೋಡದೆ, “ತಡ್ಕೋ ನನ್ನವ್ವ” ಅನ್ನುತ್ತಿದ್ದರು. ಆ ಜಾಗ ಬಂತು. ಅವರು ವೇಗ ಕಡಿಮೆ ಮಾಡಲಿಲ್ಲ, ಹೆಚ್ಚಿಸಲೂ ಇಲ್ಲ. ಎರಡೂ ಕಡೆ ಜೋಳ ಹಾಗೇ ನಿಂತಿತ್ತು. ಗಾಡಿ ಖಡಖಡ ಅನ್ನುತ್ತಲೇ ದಾಟಿತು.

ಹೆಣ್ಣುಮಗು ಹುಟ್ಟಿತು. ಉಳಿಯಿತು. ಅತ್ತೆ ಕೂಸನ್ನು ತಂದು ಮಾವನ ಕೈಗೆ ಕೊಡಹೋದರೆ ಹಿಂದೆ ಸರಿದರು. “ಕೈ ಹೊಲಸೈತಿ,” ಅಂದರು. ತೊಳೆದುಕೊಂಡು ಬರ್ರಿ ಅಂದರು ಅತ್ತೆ. ಹೋದವರು ಸಂಜೆಯವರೆಗೂ ಬರಲಿಲ್ಲ. ಮನೆಗೆ ಬಂದ ಮೇಲೂ ಅಷ್ಟೇ. ಮಗು ಅಂಬೆಗಾಲಿಡುತ್ತ ಅವರ ಹತ್ತಿರ ಹೋದರೆ ಎಡಗೈ ಬೆರಳು ಕೊಡುತ್ತಿದ್ದರು. ಬಲಗೈಯನ್ನು ಧೋತರದಲ್ಲಿ ಮುಚ್ಚಿಕೊಳ್ಳುತ್ತಿದ್ದರು. ನಾನು ನೋಡುತ್ತಿದ್ದೆ.

ನಮ್ಮ ಕಡೆಯ ಊರುಗಳು ಹೊಸ ರಾಜ್ಯಕ್ಕೆ ಸೇರುತ್ತವೆ ಎಂದು ಎಲ್ಲರೂ ಮಾತಾಡುತ್ತಿದ್ದ ವರ್ಷ ಮಾವ ಹಾಸಿಗೆ ಹಿಡಿದರು. ಎದೆಯ ಬೇನೆ. ಮೋಟಾರು ಛಪ್ಪರದಲ್ಲಿ ನಿಂತಿತ್ತು. ಒಂದು ದಿನ ಮಗಳ ತಲೆಗೆ ಹಾಕಲು ಔಡಲ ಎಣ್ಣೆ ತೆಗೆದವಳು, ಅಡುಗೆಮನೆಯಲ್ಲಿ ಕೂರುವುದರ ಬದಲು ಅವರ ಹೊರಸಿನ ಹತ್ತಿರ ಹೋದೆ. ಮಗಳನ್ನು ಅವರ ಪಕ್ಕದಲ್ಲಿ ಕೂರಿಸಿದೆ. ಸೆರಗು ಹಣೆಯ ಮೇಲೆ ಇರಲಿಲ್ಲ, ಎಳೆದುಕೊಳ್ಳಲೂ ಇಲ್ಲ.

“ಮಾವ, ಕೈ ಹಿಡೀರಿ.”

ಎಡಗೈ ಚಾಚಿದರು.

“ಅದಲ್ಲ. ಆ ಕೈ.”

ನನ್ನ ಮುಖ ನೋಡಿದರು. ಆಮೇಲೆ ಹೊದಿಕೆಯೊಳಗಿಂದ ಬಲಗೈ ತೆಗೆದರು. ಎಣ್ಣೆ ಬಟ್ಟಲನ್ನು ಬಗ್ಗಿಸಿದೆ. ಎಣ್ಣೆ ಆ ಕಪ್ಪು ಗೆರೆಗಳಲ್ಲಿ ಹರಿದು ನಿಂತಿತು. ಹೆಬ್ಬೆರಳು ತಾನಾಗಿ ಹೋಗಿ ಅದನ್ನು ತಿಕ್ಕಿತು. ಮೂಗಿನ ಹತ್ತಿರ ಒಯ್ದು ಮೂಸಿದರು.

“ಗಾಣದ್ದಲ್ಲ ಇದು,” ಅಂದರು. “ಮಿಲ್ಲಿಂದು.”

“ಹೌದ್ರಿ.”

“ಇರ್ಲಿ. ನಡೀತೈತಿ.”

ಅಂಗೈಯನ್ನು ಮಗಳ ನೆತ್ತಿಯ ಮೇಲೆ ಇಟ್ಟರು. ಒತ್ತಲಿಲ್ಲ, ತಟ್ಟಲಿಲ್ಲ, ಸುಮ್ಮನೆ ಇಟ್ಟುಕೊಂಡಿದ್ದರು. ಎಣ್ಣೆ ಇಳಿದು ಮಗಳ ಕಣ್ಣಿಗೆ ಹೋಯಿತು, ಅವಳು ಅಳತೊಡಗಿದಳು. ಅವರೂ ಅಳುತ್ತಿದ್ದರು. ನಾನು ಸೆರಗಿನಿಂದ ಮಗಳ ಕಣ್ಣು ಒರೆಸಿದೆ.

ಅದಾದ ಸ್ವಲ್ಪ ದಿನಕ್ಕೆ ಹೋದರು. ವಿಭೂತಿ ಹಚ್ಚಿ ಕೂರಿಸುವ ಮುಂಚೆ ಬಂಧುಗಳು ಅಂಗಳದಲ್ಲಿ ಅವರ ಮೈಗೆ ನೀರು ಹಾಕುತ್ತಿದ್ದರು. ಯಾರೋ ಕೂಗಿದರು, “ಈ ಕೈಯಾಂದು ಕಪ್ಪು ಹೋಗವಲ್ದು. ಒಳಗಿಂದ ಜರಾ ಸೀಗಿಕಾಯಿ ಪುಡಿ ಕೊಡ್ರಿ.” ಅತ್ತೆ ನನ್ನ ಮುಖ ನೋಡಿದರು. ನನಗೆ ಅವತ್ತು ಅಳು ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಬಾಗಿಲಿಗೆ ಬಂದು ನಿಂತೆ. ಅಷ್ಟು ಗಂಡಸರ ಮುಂದೆ ದನಿ ಎತ್ತಿ ಮಾತಾಡಿದ್ದು ಅದೇ ಮೊದಲು.

“ತಿಕ್ಕಬ್ಯಾಡ್ರಿ,” ಅಂದೆ. “ಹಂಗ ಇರ್ಲಿ.”